ಕಚೇರಿ ಅಂಗಿ: ಮೊದಲ ಕೆಲಸಕ್ಕೆ ಹೊರಟವರಿಗೆ ದುರ್ಗದ ಟೇಲರ್ ಒಬ್ಬನ ಬಹಿರಂಗ ಪತ್ರ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಂದ ಈ ವರ್ಷ ಮೊದಲ ಸಲ ಕೆಲಸಕ್ಕೆ ಸೇರುತ್ತಿರುವ ಎಲ್ಲರಿಗೂ,



ನಿಮ್ಮಲ್ಲಿ ಕೆಲವರ ನಡು, ಭುಜ, ತೋಳು ನನ್ನ ಅಳತೆ ಪುಸ್ತಕದಲ್ಲಿವೆ. ಲಕ್ಷ್ಮೀ ಬಜಾರಿನ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು 40 ವರ್ಷವಾಯಿತು. ಒಂದನೇ ಕ್ಲಾಸಿನ ಯೂನಿಫಾರಮ್ಮಿಗೆ ಅಪ್ಪನ ಕೈ ಹಿಡಿದು ಬಂದವರು ಈಗ ಸಂಜೆ ಏಳಕ್ಕೆ ಬೈಕ್ ನಿಲ್ಲಿಸಿ, "ಅಂಕಲ್, ನಾಳೆ ಬೆಳಿಗ್ಗೆ ಇಂಟರ್‌ವ್ಯೂ ಇದೆ, ಒಂದು ಪ್ಯಾಂಟ್ ಬೇಕೇ ಬೇಕು" ಅನ್ನುತ್ತೀರಿ. ನಾನು ಅಭ್ಯಾಸಬಲದಿಂದ "ನಾಳೆ ಬಾ" ಅನ್ನುತ್ತೇನೆ. ನೀವು ಅಲ್ಲೇ ನಿಂತಿರುತ್ತೀರಿ. ಕೊನೆಗೆ ರಾತ್ರಿ ಹತ್ತಕ್ಕೆ ಪ್ಯಾಂಟ್ ರೆಡಿ ಆಗುತ್ತದೆ. ಆ ಗಡಿಬಿಡಿಯಲ್ಲಿ ನಿಮಗೆ ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಪತ್ರ.

ಮೊದಲು ನಮ್ಮಪ್ಪನ ಅಂಗಿಯ ವಿಷಯ ಹೇಳುತ್ತೇನೆ. ಹೊಳಲ್ಕೆರೆ ಕಡೆಯ ಹಳ್ಳಿ ನಮ್ಮದು. ಅಪ್ಪನಿಗೆ ಹೊಲಕ್ಕೆ ಹಾಕುವ ಎರಡು ಅಂಗಿ, ಗೂಟಕ್ಕೆ ನೇತುಬಿಟ್ಟ ಒಂದು ಬಿಳಿ ಅಂಗಿ. ಆ ಬಿಳಿ ಅಂಗಿಗೆ ಮನೆಯಲ್ಲಿ ಹೆಸರೇ ಇತ್ತು, 'ಕಚೇರಿ ಅಂಗಿ'. ಸಂತೆಗೆ ಅದನ್ನು ಹಾಕುತ್ತಿರಲಿಲ್ಲ, ನೆಂಟರ ಮನೆಗೂ ಅಷ್ಟಕ್ಕಷ್ಟೆ. ಪಹಣಿ, ಸಾಲ, ಕಂದಾಯ ಅಂತ ಪೇಟೆಯ ಮೆಟ್ಟಿಲು ಹತ್ತುವ ದಿನ ಮಾತ್ರ ಅದು ಕೆಳಗಿಳಿಯುತ್ತಿತ್ತು. ಹಿಂದಿನ ರಾತ್ರಿ ಅವ್ವ ಹಿತ್ತಾಳೆ ತಂಬಿಗೆಗೆ ಒಲೆಯ ಕೆಂಡ ತುಂಬಿ, ಚಾಪೆಯ ಮೇಲೆ ಪಂಚೆ ಹಾಸಿ, ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು.

ಹತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಮೇಜಿನ ಆಚೆ ಕೂತಿದ್ದವರ ಅಂಗಿಯ ಮೇಲಿನ ಮೂರು ಗುಂಡಿ ಬಿಚ್ಚಿದ್ದವು, ಜೇಬಿನ ಕೆಳಗೆ ಶಾಯಿ ಕಲೆ, ಹೆಗಲ ಮೇಲೆ ಒದ್ದೆ ಟವೆಲ್ಲು. ತಲೆ ಎತ್ತದೆ "ನಾಳೆ ಬಾ" ಅಂದರು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಊರು ಹತ್ತಿರ ಬಂದಾಗ ಒಂದೇ ಮಾತು ಹೇಳಿದ: "ನಾವು ಒಗೆದು ಹಾಕ್ಕಂಡು ಹೋಗಿದ್ವಲ್ಲ, ಅವ್ರೂ ಒಗೆದು ಹಾಕ್ಕಂಡು ಬಂದಿದ್ರೆ ನಾಳೆ ಬಾ ಅಂದಿದ್ದು ಇಷ್ಟು ಉರೀತಿರ್ಲಿಲ್ಲ."

ಕೆಲಸಕ್ಕೆ ಹಾಕುವ ಬಟ್ಟೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಮಾತಿನಿಂದಲೇ ಶುರುವಾಗಿದ್ದು. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಅಂತ ಗಾದೆ ಇದೆ. ಅದನ್ನು ಜನ ಏನಂದುಕೊಳ್ಳುತ್ತಾರೋ ಎನ್ನುವ ಅಂಜಿಕೆಗೆ ಬಳಸುತ್ತೇವೆ. ನನಗೆ ಅದು ಬೇರೆ ಥರ ಕೇಳಿಸುತ್ತದೆ. ನಿಮ್ಮ ಅಂಗಿ ನಿಮಗೆ ಕಾಣುವುದು ಬೆಳಿಗ್ಗೆ ಕನ್ನಡಿಯ ಮುಂದೆ ಎರಡು ನಿಮಿಷ. ಆಮೇಲೆ ಸಂಜೆವರೆಗೂ ಅದನ್ನು ನೋಡುವವರು ಎದುರಿಗೆ ಕೂತವರು. ಅವರಲ್ಲಿ ಯಾರೋ ಒಬ್ಬರು ನಿಮ್ಮನ್ನು ನೋಡಲೆಂದೇ ಹಿಂದಿನ ರಾತ್ರಿ ಇಸ್ತ್ರಿ ಮಾಡಿಸಿಕೊಂಡು ಬಂದಿರುತ್ತಾರೆ.

ಇನ್ನು ಕಸುಬಿನ ಮಾತಿಗೆ ಬರುತ್ತೇನೆ.

ಸ್ಟೈಲು ಅಂದರೆ ದುಬಾರಿ ಬ್ರ್ಯಾಂಡು ಅಂದುಕೊಂಡವರೇ ಹೆಚ್ಚು. ಟೇಲರನ ಕಣ್ಣಿಗೆ ಮೊದಲು ಬೀಳುವುದು ಭುಜ. ಅಂಗಿಯ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಕೆಳಗೆ ಜಾರಿದರೆ ಅಣ್ಣನ ಅಂಗಿ ಹಾಕಿಕೊಂಡ ಹಾಗೆ, ಮೇಲೆ ಹತ್ತಿದರೆ ತಮ್ಮನ ಅಂಗಿ ಹಾಕಿಕೊಂಡ ಹಾಗೆ. ಕಾಲರಿನ ಗುಂಡಿ ಹಾಕಿದ ಮೇಲೂ ಕುತ್ತಿಗೆಗೂ ಕಾಲರಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ತುಂಬು ತೋಳು ಮಣಿಕಟ್ಟಿನ ಮೂಳೆ ಮುಟ್ಟಿ ನಿಲ್ಲಬೇಕು. ಪ್ಯಾಂಟಿನ ಅಂಚು ಬೂಟಿನ ಮೇಲೆ ಒಂದೇ ಒಂದು ಮಡಿಕೆ ಬೀಳುವಷ್ಟಿದ್ದರೆ ಸಾಕು, ಹಿಮ್ಮಡಿ ಕೆಳಗೆ ಸಿಕ್ಕಿ ಹರಿಯುವಷ್ಟು ಬೇಡ. ಈ ನಾಲ್ಕು ಸರಿ ಇದ್ದರೆ ಸಂತೆಯಲ್ಲಿ ಕೊಂಡ ಅಂಗಿಯೂ ನಿಮ್ಮ ಅಂಗಿಯೇ. ಇವು ತಪ್ಪಿದರೆ ಮಾಲಿನಲ್ಲಿ ಕೊಂಡದ್ದೂ ಎರವಲು ತಂದ ಹಾಗೆ ಕಾಣುತ್ತದೆ.

ರೆಡಿಮೇಡ್ ಬೇಡ ಅಂತ ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವುದಿಲ್ಲ. ಕೊಳ್ಳುವಾಗ ಭುಜಕ್ಕೆ ಸರಿಯಾದದ್ದನ್ನೇ ಕೊಳ್ಳಿ. ಹೊಟ್ಟೆಯ ಹತ್ತಿರ ಸಡಿಲವಿದ್ದರೆ ಎರಡು ಪಕ್ಕ ಹಿಡಿಯಬಹುದು, ತೋಳು ಉದ್ದವಿದ್ದರೆ ಕಫ್ ಬಿಚ್ಚಿ ಏರಿಸಬಹುದು. ಭುಜ ಕೆಟ್ಟರೆ ಅದನ್ನು ರಿಪೇರಿ ಮಾಡುವ ಹೊತ್ತಿಗೆ ಹೊಸ ಅಂಗಿಯನ್ನೇ ಹೊಲಿಯಬಹುದು.

ಎರವಲು ಅಂದಾಗ ನೆನಪಾಯಿತು. ಹೊಸದುರ್ಗದ ಕಡೆಯ ಹುಡುಗನೊಬ್ಬ ಭಾವನ ಮದುವೆ ಕೋಟು ತಂದಿದ್ದ. ಮರುದಿನ ಬೆಂಗಳೂರಿನಲ್ಲಿ ಇಂಟರ್‌ವ್ಯೂ, ಚಿಕ್ಕಜಾಜೂರಿನಲ್ಲಿ ರಾತ್ರಿ ರೈಲು ಹತ್ತಬೇಕು. ತೋಳು ಅವನ ಬೆರಳು ಮುಚ್ಚುತ್ತಿತ್ತು. ಲೈನಿಂಗ್ ಬಿಚ್ಚಿ, ತೋಳು ಎರಡಿಂಚು ಒಳಗೆ ಮಡಿಸಿ ಕೈಹೊಲಿಗೆ ಹಾಕಿ ಕೊಟ್ಟೆ. ಬಟ್ಟೆ ಕತ್ತರಿಸಲಿಲ್ಲ. ಎರಡು ವಾರ ಬಿಟ್ಟು ಬಂದ. ಕೆಲಸ ಸಿಕ್ಕಿತೋ ಇಲ್ಲವೋ ಹೇಳಲಿಲ್ಲ, ಕೋಟು ಮುಂದೆ ಚಾಚಿ, "ಅಂಕಲ್, ತೋಳು ಮತ್ತೆ ಭಾವನ ಅಳತೆಗೆ ಇಳಿಸಿ, ಅವರ ತಮ್ಮನ ಮದುವೆ ಇದೆ" ಅಂದ. ಇಳಿಸಿಕೊಟ್ಟೆ. ಅದಕ್ಕೇ ಹೇಳುವುದು, ಹೊಸದಾಗಿ ಹೊಲಿಸುವಾಗ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಿಸಿಕೊಳ್ಳಿ. ಮೊದಲ ಸಂಬಳ ಬಂದ ಆರು ತಿಂಗಳಿಗೆ ಹೋಟೆಲಿನ ಊಟ ನಡುವಿನ ಅಳತೆಯನ್ನು ಬದಲಿಸುತ್ತದೆ. ನನ್ನ ಪುಸ್ತಕದಲ್ಲಿ ಸಾಕ್ಷಿ ಇದೆ.

ಬಟ್ಟೆಯ ಆಯ್ಕೆಗೆ ನಮ್ಮ ಸೀಮೆಯನ್ನು ನೋಡಿಕೊಳ್ಳಬೇಕು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಅಷ್ಟು ಒಣ ನೆಲ ನಮ್ಮದು. ಏಪ್ರಿಲ್ ತಿಂಗಳಲ್ಲಿ ಹಿರಿಯೂರಿನಿಂದ ದುರ್ಗಕ್ಕೆ ಕಿಕ್ಕಿರಿದ ಬಸ್ಸಿನಲ್ಲಿ ಪೂರ್ತಿ ಪಾಲಿಯೆಸ್ಟರ್ ಅಂಗಿ ಹಾಕಿಕೊಂಡು ಬಂದವನ ಬೆನ್ನು ನೋಡಿ, ನಕ್ಷೆ ಬರೆದ ಹಾಗಿರುತ್ತದೆ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಹತ್ತಿ ಹೀರುತ್ತದೆ, ಆದರೆ ಮುದುಡುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಹತ್ತಿಯ ಪಾಲು ಹೆಚ್ಚಿರುವುದನ್ನು ಕೇಳಿ ತೆಗೆದುಕೊಳ್ಳಿ. ಒಳಗೊಂದು ಹತ್ತಿ ಬನಿಯನ್ ಇರಲಿ, ಅಂಗಿಯ ಆಯಸ್ಸು ಹೆಚ್ಚುತ್ತದೆ. ಖಾದಿ ಆದರೆ ಬಿಸಿಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದೇ ಎಚ್ಚರಿಕೆ: ಕತ್ತರಿಸುವ ಮೊದಲು ರಾತ್ರಿಯೆಲ್ಲ ನೀರಲ್ಲಿ ನೆನೆಸಿ ಒಣಗಿಸಿ ತನ್ನಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗುತ್ತದೆ, ಬೈಗುಳ ಮಾತ್ರ ನನಗೆ ಬರುತ್ತದೆ.

ಭೀಮಸಮುದ್ರದ ಕಡೆಯಿಂದ ಅದಿರು ಲಾರಿ ಓಡುವ ದಾರಿಯಲ್ಲಿ ಬೈಕಿನಲ್ಲಿ ಬರುವವರು ಅಚ್ಚ ಬಿಳಿ ಹಾಕಿದರೆ ಕಚೇರಿ ತಲುಪುವ ಹೊತ್ತಿಗೆ ಅದು ಕಾವಿ. ತಿಳಿ ನೀಲಿ, ಬೂದು, ಕೆನೆ ಬಣ್ಣ ಧೂಳನ್ನು ಸ್ವಲ್ಪ ಮರೆಸುತ್ತವೆ. ಇಲ್ಲವೇ ಮೇಲೊಂದು ಹಳೆಯ ಅಂಗಿ ಹಾಕಿಕೊಂಡು ಬಂದು ಕಚೇರಿಯ ಬಾಗಿಲಲ್ಲಿ ಬಿಚ್ಚಿಡಿ. ಗಾಳಿಯ ವಿಷಯ ನಾನು ಹೇಳಬೇಕಿಲ್ಲ, ದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳೇ ಹೇಳುತ್ತವೆ. ಸೆರಗಿಗೆ, ವೇಲಿಗೆ ಎರಡು ಪಿನ್ನು ಹೆಚ್ಚಿಗೆ ಇರಲಿ.

ಮೊದಲ ಸಂಬಳದಲ್ಲೇ ಕಪಾಟು ತುಂಬಿಸಬೇಡಿ. ಕಪ್ಪು ಅಥವಾ ಕಡು ನೀಲಿ ಒಂದು, ಬೂದು ಒಂದು, ಹೀಗೆ ಎರಡು ಪ್ಯಾಂಟು. ತಿಳಿ ಬಣ್ಣದ ನಾಲ್ಕು ಅಂಗಿ. ಬೆಲ್ಟು, ಬೂಟು ಒಂದೇ ಬಣ್ಣದವು. ಇಷ್ಟರಲ್ಲಿ ಎಂಟು ಜೊತೆ ಆಗುತ್ತವೆ, ಆರು ದಿನದ ವಾರ ಕಳೆದು ಎರಡು ಮಿಗುತ್ತವೆ. 58 ಇಂಚು ಪನ್ನದ ಬಟ್ಟೆಯಾದರೆ ಪ್ಯಾಂಟಿಗೆ ಸುಮಾರು 1.3 ಮೀಟರು, ತುಂಬು ತೋಳಿನ ಅಂಗಿಗೆ 1.6 ಮೀಟರು ಸಾಕು. ಆಳು ಎತ್ತರವಿದ್ದರೆ ಸ್ವಲ್ಪ ಜಾಸ್ತಿ. ಲೆಕ್ಕ ಗೊತ್ತಿದ್ದರೆ ಅಂಗಡಿಯವರು ಹೆಚ್ಚು ಕತ್ತರಿಸಿ ಕೊಡುವುದು ತಪ್ಪುತ್ತದೆ.

ಹೆಣ್ಣುಮಕ್ಕಳ ವಿಷಯಕ್ಕೆ ನನ್ನ ಹೆಂಡತಿಯೇ ಹಿರಿಯಳು. ಅಂಗಡಿಯ ಒಳಕೋಣೆಯ ಮಿಷನ್ನು ಅವಳದು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಟೀಚರಾಗಿ ಸೇರುವವರು ರವಿಕೆಗೆ ಅಳತೆ ಕೊಡುವಾಗ ಕೈ ಕೆಳಗೆ ಬಿಟ್ಟು ನಿಂತರೆ ಆಗಲಿಲ್ಲ. ಬೋರ್ಡಿನ ಮೇಲೆ ಬರೆಯುವ ಹಾಗೆ ಕೈ ಎತ್ತಿ ನೋಡಬೇಕು. ಕಂಕುಳಿನ ಸುತ್ತಳತೆ ಬಿಗಿಯಾದರೆ ಮೊದಲ ಪೀರಿಯಡ್ಡಿಗೇ ಹೊಲಿಗೆ ಬಿಡುತ್ತದೆ, ಹಿಂದೆ 60 ಮಕ್ಕಳು ಕೂತಿರುತ್ತಾರೆ. ಕೆಲವು ಶಾಲೆಗಳಲ್ಲಿ ಸೀರೆಯೇ ಆಗಬೇಕೆಂಬ ರೂಢಿ ಇದೆ, ಕೆಲವು ಕಡೆ ಚೂಡಿದಾರಕ್ಕೂ ಅಡ್ಡಿಯಿಲ್ಲ. ಸೇರುವ ಮೊದಲೇ ಅಲ್ಲಿನ ಹಿರಿಯ ಟೀಚರೊಬ್ಬರನ್ನು ಕೇಳಿ. ದಿನಾ ಬಸ್ಸು ಹತ್ತಿಳಿಯುವವರಿಗೆ ಹತ್ತಿ ಸೀರೆ, ಇಳಕಲ್ ಸೀರೆ ಹಗುರ. ಫಾಲ್ ಹಾಕಿಸಿ, ಅಂಚು ನೆಲಕ್ಕೆ ತಾಗಿ ಸವೆಯುವುದಿಲ್ಲ. ಚೂಡಿದಾರ ಹೊಲಿಸುವವರು ಜೇಬು ಕೇಳಿ. ಗಂಡಸರ ಅಂಗಿಗೆ ಕೇಳದೆಯೇ ಜೇಬು ಇಡುತ್ತೇವೆ, ಹೆಂಗಸರು ಕೇಳಿದರೂ "ಶೇಪ್ ಹೋಗುತ್ತೆ" ಅಂತ ಟೇಲರುಗಳು ತಪ್ಪಿಸಿಕೊಳ್ಳುತ್ತಾರೆ. ಪಕ್ಕದ ಹೊಲಿಗೆಯಲ್ಲೇ ಇಟ್ಟರೆ ಶೇಪು ಎಲ್ಲಿಗೂ ಹೋಗುವುದಿಲ್ಲ. ಬಸ್ಸಿನ ಚಿಲ್ಲರೆಯೂ ಫೋನೂ ಕೈಯಲ್ಲಿ ಹಿಡಿದು ನಿಲ್ಲಬೇಕಾಗಿಲ್ಲ.

ಸಮಾರಂಭದ ದಿನಕ್ಕೆ ರೇಷ್ಮೆ ಬೇಕೆನಿಸಿದರೆ ಕಂಚಿಯವರೆಗೆ ಹೋಗಬೇಡಿ. ಮೊಳಕಾಲ್ಮೂರು ನಮ್ಮ ಜಿಲ್ಲೆಯದೇ, ಅಲ್ಲಿನ ಸೀರೆಗೆ ಜಿಐ ಟ್ಯಾಗ್ ಇದೆ. ಅಮ್ಮನದೋ ಅಜ್ಜಿಯದೋ ಹಳೆಯ ಮೊಳಕಾಲ್ಮೂರು ಪೆಟ್ಟಿಗೆಯಲ್ಲಿದ್ದರೆ ಹೊಸ ರವಿಕೆ ಹೊಲಿಸಿದರೆ ಸಾಕು, ವೇದಿಕೆಯ ಮೇಲೆ ಆ ಅಂಚಿಗೆ ಎದುರಿಲ್ಲ ಅಂತ ನನ್ನ ಹೆಂಡತಿಯ ತೀರ್ಪು.

ಯಾವ ಜಾಗಕ್ಕೆ ಯಾವುದು ಅನ್ನುವುದು ಇನ್ನೊಂದು ಪಾಠ. ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸುವವರಿಗೆ ಇದು ಚೆನ್ನಾಗಿ ಗೊತ್ತು. ಬ್ಲೂಟೂತ್ ಇಟ್ಟುಕೊಂಡು ನಕಲು ಮಾಡಿದವರು ಸಿಕ್ಕಿಬಿದ್ದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2023ರಲ್ಲಿ ನೇಮಕಾತಿ ಪರೀಕ್ಷೆಗೆ ವಸ್ತ್ರ ಸಂಹಿತೆ ತಂದಿತು. ಗಂಡಸರಿಗೆ ಅರ್ಧ ತೋಳಿನ ಅಂಗಿ, ಜೀನ್ಸ್ ಇಲ್ಲ, ಬೂಟು ಇಲ್ಲ. ಹೆಂಗಸರಿಗೆ ತುಂಬು ತೋಳೂ ಇಲ್ಲ, ಕಸೂತಿ ಬಟ್ಟೆಯೂ ಇಲ್ಲ, ಒಡವೆಯಲ್ಲಿ ಮಂಗಳಸೂತ್ರ, ಕಾಲುಂಗುರಕ್ಕೆ ಮಾತ್ರ ವಿನಾಯಿತಿ. ಆ ಪರೀಕ್ಷೆಯ ವಾರ ತುಂಬು ತೋಳು ಕತ್ತರಿಸಿ ಅರ್ಧ ಮಾಡಿಸಿಕೊಳ್ಳಲು ಬಂದವರಿದ್ದರು. ನಾನು ತಡೆದೆ. "ಪರೀಕ್ಷೆಗೆ ಹಳೆಯದೊಂದು ಅರ್ಧ ತೋಳಿನದು ಹಾಕ್ಕೊ, ಇದು ಪಾಸಾದ ಮೇಲೆ ಬೇಕಾಗುತ್ತೆ" ಅಂದೆ. ಒಂದೇ ಕೆಲಸದ ದಾರಿಯಲ್ಲಿ ಒಂದು ಬಾಗಿಲು ಅರ್ಧ ತೋಳು ಕೇಳುತ್ತದೆ, ಮುಂದಿನದು ತುಂಬು ತೋಳು.

ಕೋರ್ಟಿಗೆ ಹೊರಟ ಹೊಸ ವಕೀಲರು ಮೊದಲು ನಿಯಮ ಓದಿಕೊಳ್ಳಿ. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಉಳಿದ ಕೋರ್ಟುಗಳಲ್ಲಿ ಕರಿ ಕೋಟು ಕಡ್ಡಾಯವಲ್ಲ ಅಂತ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಹಾಕಲೇಬೇಕಾದ ದಿನಗಳಿಗೆ ದಪ್ಪ ಟೆರಿಕಾಟ್ ಬೇಡ, ಹಗುರ ಬಟ್ಟೆಯಲ್ಲಿ ಅರ್ಧ ಲೈನಿಂಗ್ ಕೊಟ್ಟು ಹೊಲಿಸಿ. ಅದೇ ನಿಯಮದಲ್ಲಿ ಜೀನ್ಸ್ ಕೂಡದು ಅಂತಿದೆ, ಪಂಚೆಗೆ ಮಾತ್ರ ಅಡ್ಡಿಯಿಲ್ಲ. ನಂಬದೆ ಹೋದ ಜೂನಿಯರ್ ಒಬ್ಬರು ಪುಸ್ತಕ ತೆಗೆದು ನೋಡಿ ಮರುದಿನ ಬಂದು ಕಾಫಿ ಕುಡಿಸಿದರು.

ಪಂಚೆ ಅಂದರೆ ಹಳ್ಳಿಯ ಉಡುಪು, ಪ್ಯಾಂಟು ಅಂದರೆ ಕಚೇರಿಯ ಉಡುಪು ಅನ್ನುವುದು ಇತ್ತೀಚಿನ ಮಾತು. ಮೈಸೂರು ಸಂಸ್ಥಾನದ ಕಾಲದಲ್ಲಿ ಪಂಚೆಯ ಮೇಲೆ ಕ್ಲೋಸ್ ಕೋಟು, ತಲೆಗೆ ಪೇಟ ಇಟ್ಟುಕೊಂಡೇ ಮೇಷ್ಟ್ರುಗಳೂ ಗುಮಾಸ್ತರೂ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ದುರ್ಗದಲ್ಲೇ ವಕೀಲಿಕೆ ಮಾಡಿದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು, 1968ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಬಿಳಿ ಖಾದಿ ಮಾತ್ರ ಬದಲಾಗಲಿಲ್ಲ. ಕೊನೆಯ ದಿನಗಳನ್ನು ಕಳೆದು 2000ರಲ್ಲಿ ಅವರು ತೀರಿಹೋದದ್ದು ಇದೇ ಊರಲ್ಲಿ. ಆ ಖಾದಿ ದುಬಾರಿಯದಾಗಿರಲಿಲ್ಲ, ಒಗೆದದ್ದಾಗಿತ್ತು. ಇಂದೂ ನಮ್ಮದೇ ರಾಜ್ಯದ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಖಾದಿ ಹಾಕಿದರೆ ಮುದುಕರ ಹಾಗೆ ಕಾಣುತ್ತೇವೆ ಅನ್ನುವವರು ಭುಜ ಸರಿಯಾಗಿ ಕೂರುವ ಹಾಗೆ ಒಂದು ಅಂಗಿ ಹೊಲಿಸಿ ನೋಡಿ.

ಈ ಪತ್ರ ಬರೆಯಲು ಹೆಚ್ಚಿನ ಕಾರಣ ಮುಂದಿನ ಮಾತು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ರೈತರೊಬ್ಬರನ್ನು ಬಟ್ಟೆ ನೋಡಿ ಒಳಗೆ ಬಿಡಲಿಲ್ಲ. ತಲೆಯ ಮೇಲೆ ಗಂಟಿತ್ತು, ಕೈಯಲ್ಲಿ ಟಿಕೆಟ್ ಇತ್ತು. ಜೊತೆಗಿದ್ದ ಪ್ರಯಾಣಿಕರು ಜಗಳ ಮಾಡಿದ ಮೇಲೆ ಅವರು ಒಳಗೆ ಹೋದರು, ತಡೆದ ಸಿಬ್ಬಂದಿ ಕೆಲಸ ಕಳೆದುಕೊಂಡರು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ಬಾಗಿಲಲ್ಲೇ ನಿಲ್ಲಿಸಿದರು. ವಿಷಯ ವಿಧಾನಸಭೆಯವರೆಗೂ ಹೋಗಿ, ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು.

ಅವರನ್ನು ತಡೆದವರೂ ನಿಮ್ಮ ಹಾಗೆಯೇ ಯಾವುದೋ ಊರಿನಿಂದ ಬಂದು, ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಕೆಲಸಕ್ಕೆ ನಿಂತವರೇ ಇರಬೇಕು. ಅವರ ಮನೆಯ ಗೂಟದಲ್ಲೂ ಒಂದು ಪಂಚೆ ನೇತಾಡುತ್ತಿದ್ದಿರಬಹುದು. ಒಳ್ಳೆಯ ಬಟ್ಟೆಯ ಅಪಾಯ ಇದು. ಎದುರಿಗಿದ್ದವರಿಗೆ ಮರ್ಯಾದೆ ಕೊಡಲು ಹಾಕಿಕೊಂಡದ್ದು, ಸ್ವಲ್ಪ ದಿನಕ್ಕೆ ಅವರನ್ನು ದೂರ ನಿಲ್ಲಿಸುವ ಬೇಲಿಯಾಗುತ್ತದೆ. ಕಾಲರ್ ಗಟ್ಟಿ ನಿಲ್ಲಲಿ ಅಂತ ನಾವು ಒಳಗೆ ಬಕ್ರಂ ಇಡುತ್ತೇವೆ. ಅದು ಕಾಲರಿಗೆ ಮಾತ್ರ, ಕುತ್ತಿಗೆಗೆ ಅಲ್ಲ. ಮೇಜಿನ ಆಚೆಯವರು ಮಾತಾಡುವಾಗ ತಲೆ ಎತ್ತಿ ನೋಡುವಷ್ಟು, ಅಜ್ಜಿಯೊಬ್ಬಳು ಅರ್ಜಿ ಚಾಚಿದಾಗ ಬಗ್ಗುವಷ್ಟು ಕುತ್ತಿಗೆ ಆಡುತ್ತಿರಬೇಕು.

ಕೊನೆಗೊಂದು ಕೆಲಸದ ಮಾತು. ಅಂಗಿಯಲ್ಲಿ ಮೊದಲು ಸವೆಯುವುದು ಕಾಲರಿನ ಮಡಿಕೆ. ಎಷ್ಟೋ ಜನ ಅಷ್ಟಕ್ಕೇ ಅಂಗಿ ಬಿಸಾಡುತ್ತಾರೆ. ಹೊಲಿಗೆ ಬಿಚ್ಚಿ, ಕಾಲರ್ ತಿರುಗಿಸಿ, ಸವೆದ ಕಡೆ ಒಳಗೆ ಹೋಗುವಂತೆ ಮತ್ತೆ ಹೊಲಿದರೆ ಇನ್ನೆರಡು ವರ್ಷ ಬರುತ್ತದೆ. ಈಗ ಹೊಸಬರು ಯಾರೂ ಅದನ್ನು ಮಾಡಿಸುವುದಿಲ್ಲ. ಮಾಡಿಸುವವರು ಹಳ್ಳಿಯ ಕಡೆಯವರು.

ಹೋದ ಶನಿವಾರ ಒಬ್ಬರು ಹಿರಿಯರು ಬಂದಿದ್ದರು. ಹಳೆಯ ಬಿಳಿ ಅಂಗಿ, ಕಾಲರ್ ಸವೆದು ಒಳಗಿನ ಬಕ್ರಂ ಇಣುಕುತ್ತಿತ್ತು. "ಸೋಮವಾರಕ್ಕೆ ಬೇಕಪ್ಪ, ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಕಚೇರಿಗೆ ಹೋಗ್ಬೇಕು" ಅಂದರು. ಬಾಯಿಗೆ ಬಂದಿದ್ದ "ನಾಳೆ ಬನ್ನಿ" ನುಂಗಿಕೊಂಡು, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಆಗಲೇ ಕಾಲರ್ ತಿರುಗಿಸಿ ಕೊಟ್ಟೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ಮೇಲಿನ ಮುಖದ ಬಿಳುಪು ಅಂಗಿಯ ಬಿಳುಪಿಗಿಂತ ತುಸು ಹೊಸದು, ಅಂಚಿನಲ್ಲಿ ಹಳೆಯ ಹೊಲಿಗೆಯ ತೂತುಗಳ ಸಾಲು.

ಅಂಥ ಕಾಲರ್ ನಿಮ್ಮ ಮೇಜಿನ ಮುಂದೆ ಬಂದು ನಿಂತರೆ ಕುರ್ಚಿ ತೋರಿಸಿ, ಮಕ್ಕಳೇ.

ಇಂತಿ ನಿಮ್ಮವ,
ಲಕ್ಷ್ಮೀ ಬಜಾರಿನ ಹಿಂದಿನ ಗಲ್ಲಿಯ ಟೇಲರ್
ಚಿತ್ರದುರ್ಗ